ಯಂತ್ರ ಅವನ ಕೈಯಲ್ಲಿತ್ತು, ಹೋದದ್ದು ನನ್ನ ಕಾಲು

ನನಗೆ ಆದದ್ದು ಲಕ್ವಾ ಅಲ್ಲ. ಇದನ್ನು ಊರಿನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗ ಹೂಂಗುಡುತ್ತಾರೆ. ಎದ್ದು ಹೋಗುವಾಗ ನನ್ನ ಹೆಂಡತಿ ಶಾಂತಾಳನ್ನು ಬಾಗಿಲಲ್ಲಿ ನಿಲ್ಲಿಸಿ, "ಲಕ್ವಾಕ್ಕ ಇಂಡಿ ಕಡೆ ಒಬ್ಬಂವಾ ಛಲೋ ಔಷಧ ಕೊಡ್ತಾನಂತ ನೋಡವಾ" ಎಂದು ಊರಿನ ಹೆಸರು ಹೇಳಿ ಹೋಗುತ್ತಾರೆ. ಮೊದಮೊದಲು ಸಿಟ್ಟು ನೆತ್ತಿಗೇರುತ್ತಿತ್ತು. ಈಗ ಯಾವಾಗ ಎದ್ದು ಹೋಗುತ್ತಾರೋ ಎಂದು ಕಾಯುತ್ತಾ ಕೂರುತ್ತೇನೆ.

ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕಾಯಿಲೆಯವರು ಸಿಗುತ್ತಾರೆ, ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಮಾತ್ರೆಯ ಹೆಸರು ಹೇಳಿಕೊಳ್ಳುತ್ತಾರೆ. ನನ್ನ ಕಾಯಿಲೆಯವನು ಈ ಭಾಗದಲ್ಲಿ ಇನ್ನೊಬ್ಬನನ್ನು ನಾನು ಕಂಡಿಲ್ಲ. ಈ ಬಿಸಿಲುನಾಡಿನಲ್ಲಿ ಹುಟ್ಟಿ, ನೀರಿನ ತಳದಲ್ಲಿ ದುಡಿದು, ಮುಳುಗದೆ, ಪೆಟ್ಟಾಗದೆ, ಸುರಕ್ಷಿತವಾಗಿ ಮೇಲೆ ಬಂದ ಮೇಲೆ ಕಾಲು ಕಳೆದುಕೊಂಡವನು ಎಂದರೆ ಯಾರು ನಂಬುತ್ತಾರೆ? ಎಲ್ಲೋ ಒಂದು ಮಂಚದ ಮೇಲೆ ಇಂಥವನೇ ಒಬ್ಬ ಮಲಗಿದ್ದರೆ ಅವನಿಗಾಗಿ ಇದನ್ನು ಬರೆಯುತ್ತಿದ್ದೇನೆ. ಧೈರ್ಯ ಹೇಳುತ್ತೇನೆ ಎಂದುಕೊಳ್ಳಬೇಡಪ್ಪ, ಅದು ನನ್ನಲ್ಲೇ ಇಲ್ಲ. ನಿನ್ನಂಥವನು ಗೊಳಸಂಗಿಯಲ್ಲಿ ಇನ್ನೊಬ್ಬ ಇದ್ದಾನೆ ಎಂದು ತಿಳಿದರೆ ಸಾಕು.

ನಾನು ಸಣ್ಣವನಿದ್ದಾಗ ನಮ್ಮೂರಲ್ಲಿ ಆಳದ ನೀರು ಎಂದರೆ ಬಾವಿ ನೀರು, ಅದೂ ಬೇಸಿಗೆಯಲ್ಲಿ ತಳ ಕಾಣುತ್ತಿತ್ತು. ಬಾವಿಗೆ ಬಿದ್ದ ಕೊಡ, ಬಕೆಟ್ಟು ತೆಗೆಯಲು ಓಣಿಯವರೆಲ್ಲ ನನ್ನನ್ನೇ ಕರೆಯುತ್ತಿದ್ದರು. ದುಡಿಯಲು ಮುಂಬಯಿಗೆ ಹೋದಾಗ ಅದೇ ವಿದ್ಯೆ ಅನ್ನ ಹಾಕಿತು. ಹಡಗಿನ ತಳ ಕೆರೆಯುವ, ನೀರೊಳಗಿನ ಕಂಬ ರಿಪೇರಿ ಮಾಡುವ ಒಂದು ಗುಂಪಿಗೆ ಸೇರಿಕೊಂಡೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವುದನ್ನು ಅಲ್ಲಿನ ಉಸ್ತಾದ ಕಲಿಸಿದ. ಅದಕ್ಕಿಂತ ಮೊದಲು ಅಂಗೈಯಗಲದ ಒಂದು ಪ್ಲಾಸ್ಟಿಕ್ ಕಾರ್ಡು ಓದಲು ಕಲಿಸಿದ. ಡೈವ್ ಟೇಬಲ್ ಎನ್ನುತ್ತಾರೆ ಅದಕ್ಕೆ. ಎಷ್ಟು ಆಳಕ್ಕೆ ಹೋದರೆ ಎಷ್ಟು ಹೊತ್ತು ಇರಬಹುದು, ಮೇಲೆ ಬಂದು ಎಷ್ಟು ಹೊತ್ತು ಸುಮ್ಮನೆ ಕೂರಬೇಕು, ಮತ್ತೆ ಇಳಿಯುವುದಾದರೆ ಎಷ್ಟು ಹೊತ್ತು ಕಡಿಮೆ ಮಾಡಬೇಕು, ಎಲ್ಲ ಅದರಲ್ಲಿ ಸಾಲಾಗಿ ಇರುತ್ತದೆ. ಆಳದಲ್ಲಿ ಎಳೆದುಕೊಂಡ ಗಾಳಿ ಮೈಯಲ್ಲಿ ಇಂಗಿರುತ್ತದೆ, ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅವಸರ ಮಾಡಿದರೆ ಸೋಡಾ ಬಾಟಲಿ ಒಡೆದ ಹಾಗೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಉಸ್ತಾದ ಹೇಳಿಕೊಟ್ಟದ್ದು ಇಷ್ಟೇ, ನಾನು ಅದನ್ನು ಪಾಲಿಸುತ್ತಿದ್ದೆ.

ಕೃಷ್ಣೆಗೆ ಅಣೆಕಟ್ಟು ಕಟ್ಟಿ ಹಿನ್ನೀರು ನಮ್ಮ ಕಡೆಯ ಹೊಲಗಳ ತನಕ ಬಂದ ಮೇಲೆ ಊರಿನ ಹತ್ತಿರವೇ ಕೆಲಸ ಹುಟ್ಟಿತು. ಹಿನ್ನೀರಿನಿಂದ ಕಾಲುವೆಗೆ ನೀರೆತ್ತುವ ಜಾಕ್‌ವೆಲ್‌ಗಳು ಎದ್ದವು. ಅವುಗಳ ಬಾಯಿಗೆ ಕಸ, ಬೇರು ಸಿಕ್ಕಿಕೊಂಡರೆ ಇಳಿದು ಬಿಡಿಸಬೇಕು. ಗುತ್ತಿಗೆದಾರರೊಬ್ಬರು ನನ್ನನ್ನು ಕರೆಸಿಕೊಂಡರು. ಶಾಂತಾಳ ತಮ್ಮ ಶಿವಪ್ಪ ಇಂಗಳೇಶ್ವರದಲ್ಲಿ ಕೆಲಸವಿಲ್ಲದೆ ಅಡ್ಡಾಡುತ್ತಿದ್ದ, ಅವನನ್ನೂ ಸೇರಿಸಿದೆ. ಚುರುಕು, ಬಾಯಿ ಮಾತ್ರ ಜೋರು. ನೀರು ಕಂಡರೆ ಎಮ್ಮೆಯ ಹಾಗೆ ಖುಷಿಪಡುತ್ತಿದ್ದ.

ಎರಡು ಸಾವಿರದ ಇಸವಿಯ ಆಚೀಚೆ ಗುತ್ತಿಗೆದಾರರು ಮುಂಬಯಿಯಿಂದ ಒಂದು ಡೈವ್ ಕಂಪ್ಯೂಟರ್ ತರಿಸಿದರು. ಹೆಸರು ಕಂಪ್ಯೂಟರ್, ನೋಡಲು ದಪ್ಪನೆಯ ಕೈಗಡಿಯಾರ. ಕಟ್ಟಿಕೊಂಡು ಇಳಿದರೆ ಆಳ ಎಷ್ಟು, ಹೊತ್ತು ಎಷ್ಟಾಯಿತು, ಇನ್ನೆಷ್ಟು ಇರಬಹುದು ಎಂದು ಗಳಿಗೆ ಗಳಿಗೆಗೂ ತಾನೇ ತೋರಿಸುತ್ತಿತ್ತು, ಹೊತ್ತು ಮೀರಿದರೆ ಕೀ ಕೀ ಎಂದು ಕೂಗುತ್ತಿತ್ತು. ಕಾರ್ಡಿಗಿಂತ ಧಾರಾಳ. ಕಾರ್ಡು ಪೂರ್ತಿ ಹೊತ್ತು ತಳದಲ್ಲೇ ಇದ್ದೆ ಎಂದು ಲೆಕ್ಕ ಹಿಡಿದರೆ, ಇದು ಎಲ್ಲಿದ್ದೆಯೋ ಅಷ್ಟಕ್ಕೇ ಲೆಕ್ಕ ಹಿಡಿಯುತ್ತಿತ್ತು. ನಾವು ಬೆರಗಾದೆವು. ಗುಂಪಿಗೆ ಅದೊಂದೇ, ಆಳಕ್ಕೆ ಇಳಿಯುವವರು ಇಬ್ಬರು.

ಒಂದೇ ಇದ್ದದ್ದು ನಮಗೆ ಕೊರತೆ ಎನಿಸಲೇ ಇಲ್ಲ. ನಮ್ಮ ಮನೆಯಲ್ಲಿ ಒಂದೇ ಕೈಗಡಿಯಾರ ಇತ್ತು, ಅಪ್ಪನದು. ಪರೀಕ್ಷೆಗೆ ಹೋಗುವವನು ಕಟ್ಟಿಕೊಂಡು ಹೋಗುತ್ತಿದ್ದ, ಕನ್ಯೆ ನೋಡಲು ಹೋಗುವವನು ಕಟ್ಟಿಕೊಂಡು ಹೋಗುತ್ತಿದ್ದ. ಪಕ್ಕದ ಮನೆಯವರೂ ಲಗ್ನಕ್ಕೆ ಹೋಗುವಾಗ ಕೇಳಿ ಒಯ್ಯುತ್ತಿದ್ದರು. ಕೊಡುವುದಿಲ್ಲ ಎನ್ನುವುದು ನಮ್ಮಲ್ಲಿ ಸಣ್ಣತನ. ಯಾರ ಕೈಗೆ ಕಟ್ಟಿದರೂ ಗಡಿಯಾರ ತೋರಿಸುವ ಟೈಮು ಅದೇ ತಾನೇ? ಈ ಯಂತ್ರವನ್ನೂ ಹಾಗೇ ಮಾಡಿದೆವು. ಇಳಿಯುವವನು ಕಟ್ಟಿಕೊಳ್ಳುವುದು, ಎದ್ದು ಬಂದವನು ಬಿಚ್ಚಿ ಕೊಡುವುದು. ಎಲ್ಲರಿಗೂ ಅದು ಸರಿ ಕಂಡಿತು, ನನಗೂ.

ಆ ದಿನ ಬೆಳಗ್ಗೆ ನಾನು ಜಾಕ್‌ವೆಲ್ಲಿನ ತಳಕ್ಕೆ ಇಳಿದೆ. ತೆಂಗಿನಮರದ ಮೇಲೆ ಇನ್ನೊಂದು ತೆಂಗಿನಮರ ನಿಲ್ಲಿಸಿದಷ್ಟು ಆಳ. ಯಂತ್ರ ಶಿವಪ್ಪನ ಕೈಯಲ್ಲಿತ್ತು, ಅವನು ಮೇಲಿನ ಜಾಲರಿಯಲ್ಲಿ ಕಸ ಬಿಡಿಸುತ್ತಿದ್ದ. ನನ್ನ ಹತ್ತಿರ ಹಳೆಯ ಗಡಿಯಾರ, ಆಳ ಅಳೆಯುವ ಮಾಪಕ, ಕಾರ್ಡು ಇದ್ದವು. ಕಾರ್ಡು ಹೇಳಿದ ಹೊತ್ತಿಗೆ ಸರಿಯಾಗಿ ಎದ್ದು ಬಂದೆ, ಬುತ್ತಿ ಬಿಚ್ಚಿ ರೊಟ್ಟಿ ತಿಂದೆ. ಮಧ್ಯಾಹ್ನ ತಳದಲ್ಲಿ ಒಂದು ಮರದ ಬೊಡ್ಡೆ ಬಂದು ಸಿಕ್ಕಿಕೊಂಡಿತು. ಮೋಟಾರು ಗೊಗ್ಗರು ದನಿಯಲ್ಲಿ ಒದರತೊಡಗಿತು. ಕೆಲಸ ಮಾಡಿಸುವ ಮುಕಾದಮ ಈರಣ್ಣ ಓಡಿಬಂದ.

"ಬಸಣ್ಣ, ಇಳಿ ಮಾರಾಯಾ. ಮೋಟಾರ್ ಸುಟ್ಟರ ನನ್ನ ಹೆಣಾ ಬೀಳ್ತೈತಿ."

"ಆಗೂದಿಲ್ಲೋ. ಕಾರ್ಡ್ ನೋಡು, ಹೊತ್ತು ಮುಣುಗೂತನಕ ನಾ ಮ್ಯಾಲ ಕುಂಡ್ರಬೇಕು. ಶಿವಪ್ಪ ಇಳೀಲಿ."

"ಅಂವಗ ಬೊಡ್ಡಿ ಜಗ್ಗೂದು ಬರ್ತೈತೇನು? ಕಾರ್ಡ್ ಹಳೇದು ಬಿಡು. ಯಂತ್ರ ಏನ್ ಅಂತೈತಿ ನೋಡೂನು."

ಶಿವಪ್ಪ ಕೈಯಿಂದ ಬಿಚ್ಚಿ ನನ್ನ ಕೈಗೆ ಕಟ್ಟಿದ. "ನೋಡ್ರಿ ಮಾಮಾ, ಮಸ್ತ್ ಟೈಮ್ ಐತಿ. ಸುಮ್ನ ಅಂಜತೀರಿ" ಎಂದ. ನಿಜವೇ, ಅಂಕಿ ದೊಡ್ಡದಾಗಿಯೇ ಇತ್ತು. ಕಾರ್ಡು ಜಿಪುಣ, ಯಂತ್ರ ಧಾರಾಳ ಎಂದು ಮೊದಲೇ ತಲೆಯಲ್ಲಿ ಕೂತಿತ್ತಲ್ಲ. ಇಳಿದೆ. ಬೊಡ್ಡೆ ಬಿಡಿಸಿದೆ. ಯಂತ್ರ ಒಂದು ಸಲವೂ ಕೂಗಲಿಲ್ಲ.

ಮೇಲೆ ಬಂದು ಚಹಾ ಕುಡಿಯುವಾಗ ಹೆಗಲು ಕಡಿಯತೊಡಗಿತು. ಆಮೇಲೆ ಹೊಟ್ಟೆಯ ಸುತ್ತ ಯಾರೋ ಹಗ್ಗ ಬಿಗಿದ ಹಾಗೆ ನೋವು. ಅಂಗಾಲು ಜುಮುಜುಮು. ಈರಣ್ಣ ಕೊಬ್ಬರಿ ಎಣ್ಣೆ ತಿಕ್ಕಿದ, ಭಾರ ಎಳೆದು ನರ ಹಿಡಿದಿರಬೇಕು ಎಂದ. ಕೆಟ್ಟವನಲ್ಲ ಅವನು. ಜೀಪಿನಲ್ಲಿ ಮನೆಯ ತನಕ ತಂದು ಬಿಟ್ಟು ಹೋದ. ನಾನು ಜೀಪಿನಿಂದ ಇಳಿದು ನಡೆದುಕೊಂಡೇ ಒಳಗೆ ಹೋದೆ. ಹಾಗೆ ನಡೆದದ್ದು ಅದೇ ಕೊನೆ.

ಬೆಳಗ್ಗೆ ಏಳಲು ಹೋದರೆ ಸೊಂಟದ ಕೆಳಗೆ ಏನೂ ಇಲ್ಲ. ಕಾಲು ಕಾಣುತ್ತಿವೆ, ನನ್ನವೇ, ಆದರೆ ಪಕ್ಕದಲ್ಲಿ ಬೇರೆ ಯಾರೋ ಮಲಗಿದ್ದಾರೆ ಎನ್ನುವ ಹಾಗೆ. ಮೂತ್ರ ಕಟ್ಟಿ ಹೊಟ್ಟೆ ಉಬ್ಬಿತ್ತು. ನಾನು ಚೀರಿದ್ದು ಓಣಿಗೆಲ್ಲ ಕೇಳಿತಂತೆ.

ಅವ್ವ ಎದೆ ಎದೆ ಬಡಿದುಕೊಂಡಳು. "ಲಕ್ವಾ ಹೊಡದೈತಿ ನನ್ನ ಮಗಗ! ಎತ್ರೋ, ಸಿಂದಗಿ ಕಡೆ ಎತ್ಕೊಂಡ್ ನಡೀರಿ!" ಊರವರು ಬೇರೆ ಮಾತು ಆಡಿದರು. ಹಿನ್ನೀರಿನಲ್ಲಿ ಮುಳುಗಿದ ಊರಿನ ದೇವಿ ನೀರೊಳಗೆ ಒಬ್ಬಳೇ ಕೂತಿದ್ದಾಳೆ, ಇವನು ದಿನಾ ಅವಳ ತಲೆಯ ಮೇಲೆ ತಿರುಗಾಡಿದ ಎಂದರು. ಇದು ನೀರಿನ ಕಾಯಿಲೆ, ದೊಡ್ಡ ದವಾಖಾನೆಗೆ ಒಯ್ಯಿರಿ ಎಂದು ನಾನು ಹೇಳಿದೆ. ಉಸ್ತಾದ ಹೇಳಿದ್ದು ನೆನಪಿತ್ತು, ಕಬ್ಬಿಣದ ಕೋಣೆಯಲ್ಲಿ ಹಾಕಿ ಗಾಳಿ ಒತ್ತುತ್ತಾರೆ, ಅದೊಂದೇ ಮದ್ದು ಎಂದು. ಕಬ್ಬಿಣದ ಕೋಣೆ ಎಂದದ್ದೇ ತಡ, ಅವ್ವ ಇನ್ನೂ ಜೋರಾಗಿ ಅತ್ತಳು. "ತಲಿಗೂ ಏರೇತಿ ಲಕ್ವಾ. ಏನೇನೋ ಬಡಬಡಿಸಾಕತ್ತಾನ."

ಲಕ್ವಾಕ್ಕೆ ಔಷಧ ಕೊಡುವ ಸಿಂದಗಿ ಕಡೆಯ ಆ ಹಳ್ಳಿಯ ಹೆಸರು ಬೇಡ. ಟ್ರ್ಯಾಕ್ಸ್ ಗಾಡಿಯಲ್ಲಿ ಮಲಗಿಸಿಕೊಂಡು ಹೋದರು. ಗಾಳಿ ತಾಗಬಾರದೆಂದು ಕಂಬಳಿ ಸುತ್ತಿದರು. ಅಂಗಳದಲ್ಲಿ ಲಕ್ವಾದವರ ಸಾಲೇ ಇತ್ತು, ಒಬ್ಬನ ಬಾಯಿ ಸೊಟ್ಟ, ಒಬ್ಬಳ ಕೈ ಜೋತು ಬಿದ್ದಿತ್ತು. ನಮ್ಮ ಪಾಳಿ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಪಾರಿವಾಳ ಕೊಯ್ದು ಅದರ ರಕ್ತವನ್ನು ನನ್ನ ತೊಡೆಗೆ, ಮೊಣಕಾಲಿಗೆ ಹಚ್ಚಿದರು. ರಕ್ತದಿಂದ ಹಬೆ ಏಳುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದೆ. ಬಿಸಿ ಮಾತ್ರ ತಿಳಿಯಲಿಲ್ಲ. ಆಗ ನಾನು ಅತ್ತೆ. ಅಳುವುದು ಗುಣದ ಲಕ್ಷಣ ಎಂದು ಅಲ್ಲಿದ್ದವರು ಅವ್ವನಿಗೆ ಸಮಾಧಾನ ಹೇಳಿದರು.

ಗಾಡಿ ತಿರುಗಿಸಿದವಳು ಶಾಂತಾ. ಅತ್ತೆಯ ಮುಂದೆ ಎಂದೂ ದನಿ ಎತ್ತಿದವಳಲ್ಲ. ಆ ದಿನ ಸೆರಗು ಸೊಂಟಕ್ಕೆ ಸಿಗಿಸಿ ಡ್ರೈವರನ ಪಕ್ಕ ಕೂತುಬಿಟ್ಟಳು. "ಅತ್ತಿ, ನೀವು ಬರೂದಿದ್ರ ಬರ್ರಿ, ಇಲ್ಲಾಂದ್ರ ಇಲ್ಲೇ ಇರ್ರಿ. ಇವರು ಏನ್ ಅಂತಾರ ಅದನ್ನ ಮಾಡೂದು. ಬಿಜಾಪುರಕ್ಕ ನಡೀಯಪಾ" ಎಂದಳು. ಅವ್ವ ಹಿಂದಿನ ಸೀಟಿನಲ್ಲಿ ಬಂದು ಕೂತಳು, ದಾರಿಯುದ್ದಕ್ಕೂ ಸೊಸೆಯನ್ನು ಬೈಯುತ್ತಾ ನನ್ನ ಕಾಲು ಒತ್ತುತ್ತಾ ಇದ್ದಳು. ಒತ್ತುತ್ತಿದ್ದಾಳೆಂದು ನೋಡಿಯೇ ತಿಳಿಯಬೇಕಿತ್ತು.

ಬಿಜಾಪುರದ ದವಾಖಾನೆಯಲ್ಲಿ ಮೊದಲು ನಳಿಗೆ ಹಾಕಿ ಮೂತ್ರ ತೆಗೆದರು. ಆ ನರ್ಸಮ್ಮನ ಕೈ ತಣ್ಣಗೆ ಇರಲಿ. "ನಾಚಬ್ಯಾಡೋ ತಮ್ಮಾ, ನಾ ನಿಮ್ಮಕ್ಕ ಅಂತ ತಿಳಿ" ಎಂದಳು. ಆಮೇಲೆ ವರಾಂಡದಲ್ಲಿ ಸ್ಟ್ರೆಚರಿನ ಮೇಲೆ ಕಾದೆವು. ಬಂದವರೆಲ್ಲರದೂ ಒಂದೇ ಪ್ರಶ್ನೆ: ಎಲ್ಲಿಂದ ಬಿದ್ದೆ? ಬಿದ್ದಿಲ್ಲ ಎಂದರೆ, ಕುಡಿದಿದ್ದೆಯಾ? ನೀರಿನಿಂದ ಎದ್ದು ಬಂದೆ ಎಂದರೆ, ಮುಳುಗಿದೆಯಾ? ಬೆನ್ನಿನ ಎಕ್ಸರೇ ತೆಗೆದು ಮೂಳೆ ಸರಿಯಿದೆ ಎಂದರು. ಮೂಳೆ ಸರಿಯಿದ್ದವನನ್ನು ಏನು ಮಾಡುವುದೆಂದು ಅವರಿಗೂ ಗೊತ್ತಾಗಲಿಲ್ಲ.

ಕತ್ತಲಾಗುವ ಹೊತ್ತಿಗೆ ಕುಲಕರ್ಣಿ ಎಂಬ ವಯಸ್ಸಾದ ಡಾಕ್ಟರು ಬಂದರು. ನಾನು ಹೇಳಿದ್ದನ್ನು ಮಧ್ಯೆ ಬಾಯಿ ಹಾಕದೆ ಕೇಳಿದರು. ಕೇಳಿ ಒಳಗೆ ಹೋದರು, ಯಾರಿಗೋ ಫೋನು ಮಾಡಿದರು, ಹೊರಗೆ ಬರುವಾಗ ಮುಖ ಇಳಿದುಹೋಗಿತ್ತು. "ಇದಕ್ಕ ನಮ್ಮ ಕಡೆ ಏನೂ ಇಲ್ಲಪಾ. ಗೋವಾದಾಗ ಐತಿ. ನಿನ್ನೇನ ಹೋಗಬೇಕಿತ್ತು" ಎಂದರು. ಮೂಗಿಗೆ ಆಕ್ಸಿಜನ್ ಹಾಕಿಸಿ, ತಲೆಯ ಕೆಳಗಿನ ದಿಂಬು ತೆಗೆಸಿ, ಆಂಬುಲೆನ್ಸಿಗೆ ತಾವೇ ನಿಂತು ಹತ್ತಿಸಿದರು. ಶಾಂತಾಳನ್ನು ಬಿಟ್ಟರೆ ನನ್ನ ಮಾತನ್ನು ನಂಬಿದ ಮೊದಲ ಮನುಷ್ಯ ಅವರು. ಅದಕ್ಕೇ ಅವರು ಹೇಳಿದ್ದು ನಿಜವೆಂದು ನನಗೂ ಗೊತ್ತಾಯಿತು.

ಗೋವಾದ ಆ ಆಸ್ಪತ್ರೆಯಲ್ಲಿದ್ದ ಕಬ್ಬಿಣದ ಕೋಣೆ ನಮ್ಮ ರಸ್ತೆಯಲ್ಲಿ ನಿಲ್ಲುವ ಡಾಂಬರು ಟ್ಯಾಂಕರಿನ ಹಾಗಿತ್ತು. ಒಳಗೆ ಮಲಗಿಸಿ ಬಾಗಿಲು ಬಿಗಿದು ಗಾಳಿ ಒತ್ತುತ್ತಾರೆ, ಕಿವಿ ಟಪ್ ಎನ್ನುತ್ತದೆ, ಮತ್ತೆ ನೀರಿಗೆ ಇಳಿಸಿದ ಹಾಗೆ. ಆಮೇಲೆ ಬಹಳ ನಿಧಾನವಾಗಿ ಮೇಲೆ ತರುತ್ತಾರೆ. ಒಂದು ದುಂಡನೆಯ ಗಾಜಿನ ಕಿಟಕಿ ಇತ್ತು. ಶಾಂತಾ ಹೊರಗೆ ನಿಂತು ಅದರಲ್ಲಿ ಮುಖ ಇಟ್ಟುಕೊಂಡೇ ಇರುತ್ತಿದ್ದಳು. ಕೂರು ಎಂದು ಕೈಸನ್ನೆ ಮಾಡಿದರೆ ತಲೆ ಅಲ್ಲಾಡಿಸುತ್ತಿದ್ದಳು.

ಅಲ್ಲಿನ ಡಾಕ್ಟರು ಬೆಳಗಾವಿ ಕಡೆಯವರು, ಮರಾಠಿ ಬೆರೆಸಿ ಕನ್ನಡ ಆಡುತ್ತಿದ್ದರು. ಅಷ್ಟು ದೂರದಲ್ಲಿ ನಮ್ಮ ಮಾತು ಕೇಳಿ ಶಾಂತಾ ಅತ್ತುಬಿಟ್ಟಳು. ಮರುದಿನ ಶಿವಪ್ಪ ಬಸ್ಸು ಹಿಡಿದು ಬಂದ, ಯಂತ್ರವನ್ನೂ ತಂದಿದ್ದ. ಡಾಕ್ಟರ ಮುಂದೆ ಹಿಡಿದು ವಾದಕ್ಕೆ ನಿಂತ.

"ಇದರಾಗ ಟೈಮ್ ಇತ್ರಿ ಸಾಹೇಬ್ರ. ನಾ ಕಣ್ಣಾರೆ ನೋಡೇನಿ. ಟೈಮ್ ಇದ್ದಾಗ ಹ್ಯಾಂಗ ಆಗ್ತೈತ್ರಿ?"

"ಮುಂಜಾನಿ ಇದು ಯಾರ ಕೈಯಾಗ ಇತ್ತು?" ಎಂದು ಡಾಕ್ಟರು ಕೇಳಿದರು.

"ನನ್ನ ಕೈಯಾಗರಿ."

"ನೀ ಎಷ್ಟ್ ಆಳದಾಗ ಇದ್ದಿ?"

"ಮ್ಯಾಲ, ಜಾಲರಿ ಹಂತ್ಯಾಕ…" ಎನ್ನುತ್ತಾ ಕೈಯಲ್ಲಿದ್ದ ಯಂತ್ರದ ಕಡೆ ನೋಡಿದ.

ಡಾಕ್ಟರು ಬೈಯಲಿಲ್ಲ. "ಅದು ನಿನ್ನ ಮೈ ಲೆಕ್ಕ ತೋರಿಸ್ತು, ಭಾವು. ನಿನಗ ಟೈಮ್ ಇತ್ತು. ಇವರಿಗೆ ಇರಲಿಲ್ಲ" ಎಂದರು. ಕಾರ್ಡಿನ ವಿಷಯವನ್ನೂ ಹೇಳಿದರು. ಅದು ಸಮುದ್ರಮಟ್ಟಕ್ಕೆ ಮಾಡಿದ ಲೆಕ್ಕ, ನಮ್ಮ ಸೀಮೆ ಎತ್ತರದ್ದು, ಅಲ್ಲಿ ಅದಕ್ಕಿಂತಲೂ ಕಡಿಮೆ ಹೊತ್ತು ಇಳಿಯಬೇಕಿತ್ತಂತೆ. ಒಬ್ಬೊಬ್ಬರಿಗೂ ಬೇರೆ ಯಂತ್ರ ಬೇಕು, ಜೊತೆಗೆ ಕಾರ್ಡೂ ಬೇಕು, ಎರಡರ ಮಾತು ಬೇರೆಯಾದರೆ ಯಾವುದು ಕಡಿಮೆ ಹೊತ್ತು ಕೊಡುತ್ತದೋ ಅದನ್ನು ಕೇಳಬೇಕು. ಶಿವಪ್ಪ ಗೋಡೆಗೆ ಒರಗಿ ನಿಂತಿದ್ದ. ಅವನನ್ನು ಕರೆದು ತಪ್ಪು ನಿನ್ನದಲ್ಲೋ ಎನ್ನಬೇಕೆಂದುಕೊಂಡೆ. ಆದರೆ ನನ್ನ ಕಣ್ಣು ಅವನ ಕಾಲ ಮೇಲಿತ್ತು, ಹೊಟ್ಟೆಕಿಚ್ಚಿನಿಂದ ಉರಿಯುತ್ತಿದ್ದೆ.

ಕೋಣೆಯೊಳಗೆ ಹೋಗುವುದು, ಬರುವುದು ದಿನಾ ನಡೆಯಿತು. ಬಲಗಾಲ ಹೆಬ್ಬೆರಳು ಅಲ್ಲಾಡಿದ ದಿನ ಅವ್ವ ಇಡೀ ವಾರ್ಡಿಗೆ ಸಕ್ಕರೆ ಹಂಚಿದಳು. ಆಮೇಲೆ ಬಲಗಾಲು ಮಂಡಿಯ ತನಕ ಸ್ವಲ್ಪ ಬಂತು, ಎಡಗಾಲು ಬರಲಿಲ್ಲ. ಒಂದು ಸಂಜೆ ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. ಡಾಕ್ಟರು ಕೂತು ಮಾತಾಡಿದರೆ ಕೆಟ್ಟ ಸುದ್ದಿ ಎಂದು ಅಷ್ಟರಲ್ಲಿ ನಾನು ಕಲಿತಿದ್ದೆ. ಬೇಗ ಬಂದಿದ್ದರೆ ಹೇಗಿರುತ್ತಿತ್ತೋ ಹೇಳಲಾರೆ, ಈಗ ಬಂದಷ್ಟೇ ನಿಮ್ಮದು ಎಂದರು. ಅವ್ವ ಅಲ್ಲೇ ನೆಲದ ಮೇಲೆ ಕೂತಿದ್ದಳು. ಬೇಗ ಎಂಬ ಮಾತು ಅವಳಿಗೂ ಕೇಳಿತು. ಅವಳು ಸಾಯುವ ತನಕ ಆ ಪಾರಿವಾಳದ ಹೆಸರು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮನೆಗೆ ಬಂದ ಮೇಲಿನ ದಿನಗಳನ್ನು ಸುಳ್ಳು ಬೆರೆಸದೆ ಹೇಳುತ್ತೇನೆ. ಸಾಯಬೇಕು ಅನ್ನಿಸುತ್ತಿತ್ತು. ಸಂಡಾಸಿಗೆ ಹೆಂಡತಿ ಎತ್ತಿಕೊಂಡು ಹೋಗಬೇಕು, ನಳಿಗೆ ಅವಳೇ ಬದಲಿಸಬೇಕು, ಹಾಸಿಗೆ ಒದ್ದೆಯಾದದ್ದು ನನಗಿಂತ ಮೊದಲು ಅವಳಿಗೆ ತಿಳಿಯಬೇಕು. ಗಂಡಸು ಎಂಬ ಜಂಬ ಎಲ್ಲಿ ಇಟ್ಟುಕೊಳ್ಳಲಿ? ಅನ್ನದ ತಟ್ಟೆ ತಳ್ಳಿ ಮುಖ ತಿರುಗಿಸಿ ಮಲಗಿದ ದಿನ ಶಾಂತಾ ತಟ್ಟೆ ಎತ್ತಲೇ ಇಲ್ಲ, ಎದುರಿಗೆ ಕೂತಳು. "ನೀವು ಉಣ್ಣೂತನಕ ನಾನೂ ಉಣ್ಣಂಗಿಲ್ಲ. ನನಗ ಹಸಿವ್ಯಾಗೇತಿ. ಜಲ್ದಿ ಮಾಡ್ರಿ" ಎಂದಳು. ಎಂಥ ಹೆಂಗಸು ನೋಡ್ರಿ. ಎದ್ದು ಉಂಡೆ. ಈಗ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಗೋಡೆ ಹಿಡಿದು ಬಾಗಿಲ ತನಕ ಹೋಗುತ್ತೇನೆ. ಅದಕ್ಕಿಂತ ಮುಂದೆ ಹೋಗುತ್ತೇನೆ ಎಂಬ ಆಸೆ ಬಿಟ್ಟಾಯಿತು.

ಶಿವಪ್ಪ ಜಾಕ್‌ವೆಲ್ ಕೆಲಸ ಬಿಡಲಿಲ್ಲ. ಬಿಟ್ಟರೆ ಅವನಿಗೆ ಬೇರೆ ಏನು ಬರುತ್ತದೆ? ಶಾಂತಾ ನನ್ನ ಮೇಲೆ ಹರಿಹಾಯ್ದಳು, "ಅವನ್ನ ನೀರಿಗೆ ಇಳಿಸಿದವ್ರು ನೀವ. ನೀವ ಕಾಯ್ರಿ ಅವನ್ನ" ಎಂದಳು. ಅವನನ್ನು ಕರೆಸಿ, ನನ್ನ ಸತ್ತ ಕಾಲಿನ ಮೇಲೆ ಅವನ ಕೈ ಇಡಿಸಿ ಆಣೆ ಹಾಕಿಸಿದೆ. ಯಂತ್ರ ನಿನ್ನ ಕೈ ಬಿಟ್ಟು ಬೇರೆ ಕೈಗೆ ಹೋಗಕೂಡದು, ಕಾರ್ಡೂ ನೋಡಬೇಕು, ನಮ್ಮ ಎತ್ತರಕ್ಕೆ ಇನ್ನಷ್ಟು ಕಡಿಯಬೇಕು, ಎರಡರಲ್ಲಿ ಒಂದು ಬೇಡ ಎಂದರೂ ಇಳಿಯಕೂಡದು. ಆ ಲೆಕ್ಕವನ್ನು ಮಂಚದ ಮೇಲೆ ಕೂತು ಎಷ್ಟೋ ಭಾನುವಾರ ಕಲಿಸಿದೆ. ಬೇಸರ ಬಂದು ಆಕಳಿಸುತ್ತಾ ಕಲಿತ.

ಒಂದು ದಿನ ಮಟಮಟ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಿಂದ ನೇರ ನಮ್ಮ ಮನೆಗೆ ಬಂದ. ಬಿಸಿಲಿಗೆ ಮುಖ ಕೆಂಡದಂತಾಗಿತ್ತು. ಶಾಂತಾ ನೀರು ಕೊಟ್ಟರೆ ಮುಟ್ಟಲಿಲ್ಲ. ಕಾರ್ಡು ತೆಗೆದು ನನ್ನ ಮಡಿಲಿಗೆ ಒಗೆದ.

"ತಗೋರಿ ನಿಮ್ಮ ಕಾರ್ಡ್. ಕೆಲಸ ಹೋತು."

ಹಿಂದಿನ ದಿನ ಮಧ್ಯಾಹ್ನ ಮತ್ತೆ ಇಳಿ ಎಂದಿದ್ದರಂತೆ. ಯಂತ್ರ ಅವನ ಕೈಯಲ್ಲೇ ಇತ್ತು, ಬೆಳಗಿನ ಲೆಕ್ಕವೂ ಅವನದೇ, ಹೊತ್ತು ಇದೆ ಎನ್ನುತ್ತಿತ್ತು. ಕಾರ್ಡು ಮಾತ್ರ ಬೇಡ ಎನ್ನುತ್ತಿತ್ತು. ಮಾಮಾನ ಆಣೆ ಎಂದು ಇವನು ಒಲ್ಲೆ ಎಂದ. ಕರಾವಳಿ ಕಡೆಯಿಂದ ಬಂದ ಇನ್ನೊಬ್ಬನನ್ನು ಇಳಿಸಿದರು. ಅವನು ಕೆಲಸ ಮುಗಿಸಿ ನಗುನಗುತ್ತಾ ಎದ್ದು ಬಂದ, ಏನೂ ಆಗಲಿಲ್ಲ. ಇನ್ನು ನೀನು ಬೇಡ ಎಂದು ಇವನಿಗೆ ಹೇಳಿ ಕಳಿಸಿದರು.

"ಅಂವಗ ಏನೂ ಆಗಲಿಲ್ಲ ಮಾಮಾ! ನನಗೂ ಏನೂ ಆಗ್ತಿರಲಿಲ್ಲ!" ಎಂದು ಒದರಿದ.

ಆಗುತ್ತಿತ್ತು ಎಂದು ನಾನು ಹೇಗೆ ಹೇಳಲಿ? ಆಗದೆ ಇದ್ದದ್ದನ್ನು ಯಾರಿಗೆ ತೋರಿಸಲಿ? ಅವನು ಹೇಳಿದ್ದೇ ನಿಜವಿರಬಹುದು.

"ನೀವು ಕುಂತೀರಿ ಅಂತ ನನ್ನೂ ಕುಂಡ್ರಿಸಿದ್ರಿ" ಎಂದ. ಶಾಂತಾ ಅವನ ತೋಳು ಹಿಡಿಯಲು ಹೋದಳು, ಕೊಡವಿಕೊಂಡು ಹೊರಗೆ ನಡೆದ. ಅವತ್ತಿನಿಂದ ಅವನು ನಮ್ಮ ಹೊಸ್ತಿಲು ತುಳಿದಿಲ್ಲ, ನನ್ನ ಹೆಸರೆತ್ತಿದರೆ ಎದ್ದು ಹೋಗುತ್ತಾನಂತೆ. ಶಾಂತಾ ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ನಾನು ಊರುಗೋಲು ಹಿಡಿದು, ಗೋಡೆ ಹಿಡಿದು, ಬಾಗಿಲಿಗೆ ಹೋಗಿ ನಿಂತೆ. ಅವನು ಓಣಿಯಲ್ಲಿ ದಾಪುಗಾಲು ಹಾಕುತ್ತಾ ಹೋಗುತ್ತಿದ್ದ, ಸಿಟ್ಟಿನಲ್ಲಿ ಕಲ್ಲೊಂದನ್ನು ಒದ್ದ. ಮುಂದೆ ಚರಂಡಿ ಬಂತು. ಕೆಳಗೆ ನೋಡಲೂ ಇಲ್ಲ, ಜಿಗಿದು ದಾಟಿ ಹೋದ.